ಈಡು, ತೋಟೆ, ಸ್ವಯಂಭರ್ತಿ: ಬ್ರೌನಿಂಗ್ ಕೋವಿಯ ರಚನೆ ಮತ್ತು ಕೊಡಗಿನ ಕೋವಿಪರಂಪರೆ

ಕನ್ನಡ ನಾಡಿನ ಆಯುಧಗಳನ್ನು ಕುರಿತ ಅಧ್ಯಯನವು ಬಹುಮಟ್ಟಿಗೆ ವೀರಗಲ್ಲುಗಳ ಕಾಲಕ್ಕೇ ನಿಂತುಬಿಟ್ಟಿದೆ. ಶಿಲ್ಪದಲ್ಲಿ ಕಾಣುವ ಬಿಲ್ಲು, ಕಠಾರಿ, ಗುರಾಣಿಗಳ ಬಗೆಗೆ ವಿದ್ವಾಂಸರು ತೋರಿದ ಆಸಕ್ತಿಯನ್ನು ಅನಂತರ ಬಂದ ಕೋವಿಯ ಬಗೆಗೆ ತೋರಿಲ್ಲ. ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಯಾದವನಿಗೆ ಈ ಉಪೇಕ್ಷೆ ಅಷ್ಟೇನೂ ಆಶ್ಚರ್ಯದ ಸಂಗತಿಯಲ್ಲ. ಕಾವ್ಯದ ವೀರನು ಕೈಗೆ ಕೈ ತಾಗಿಸಿ ಕಾದುವವನು. ದೂರದಿಂದ ಹೊಡೆಯುವ ಕೊಳವೆಗೆ ಕವಿಸಮಯದಲ್ಲಿ ಸ್ಥಾನವಿಲ್ಲ. ಆದರೆ ಜನಜೀವನದಲ್ಲಿ ಸ್ಥಾನವಿತ್ತು. ಪ್ರಸ್ತುತ ಲೇಖನದಲ್ಲಿ ಒಂದು ಸೀಮಿತ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳಲಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ, ವ್ಯಾಪಕವಾಗಿ ತಯಾರಾದ ಮೊತ್ತಮೊದಲ ಅರೆಸ್ವಯಂಚಾಲಿತ ಚರೆಕೋವಿ ಬ್ರೌನಿಂಗ್‌ನದು. ಅದಕ್ಕಿಂತ ಹಿಂದಿನ ಪ್ರತಿಯೊಂದು ಬಗೆಯ ಕೋವಿಗೂ ಹೆಸರಿಟ್ಟ ಕನ್ನಡ, ಇದಕ್ಕೇಕೆ ತನ್ನದೇ ಹೆಸರನ್ನು ಇಡಲಿಲ್ಲ? ಪ್ರಶ್ನೆ ಮೇಲುನೋಟಕ್ಕೆ ನಿಘಂಟುಕಾರನದು. ಆದರೆ ಇದರ ಉತ್ತರವು ಕೊಡಗಿನ ಕೋವಿ ವಿನಾಯಿತಿಯ ಸುತ್ತ ಇಂದಿಗೂ ನಡೆಯುತ್ತಿರುವ ಚರ್ಚೆಯನ್ನು ತಾಗುತ್ತದೆ.

ಮೊದಲು ಶಬ್ದಗಳನ್ನು ನೋಡಬಹುದು. ಬಂದೂಕು ಅರಬ್ಬಿಯಿಂದ ಪಾರಸಿಯ ಮೂಲಕ ಬಂದುದು; ತುಪಾಕಿ ತುರ್ಕಿ ಮೂಲದ್ದು; ಫಿರಂಗಿಯು ಯೂರೋಪಿಯನನ ಹೆಸರನ್ನೇ ಆಯುಧಕ್ಕೆ ಅಂಟಿಸಿದ ಪದ; ಪಿಸ್ತೂಲು ಪೋರ್ಚುಗೀಸರ ಬಳುವಳಿ. ಇವುಗಳ ನಡುವೆ ಕೋವಿ ಎಂಬುದು ಮಾತ್ರ ಮನೆಯ ಪದ. ಕೊಳವೆ ಎಂಬ ಅರ್ಥವನ್ನುಳ್ಳ ದೇಶ್ಯ ಶಬ್ದವೊಂದು ಹೊಸ ವಸ್ತುವಿನ ಹೊರೆಯನ್ನು ಹೊತ್ತುಕೊಂಡಿತು. ಕಾಯಿಲೆಗೆ ಕೊಡುವ ಮದ್ದೇ ಕೋವಿಗೆ ತುಂಬುವ ಮದ್ದೂ ಆಯಿತು. ಕೊಡವ ಭಾಷೆಯ ತೋಕ್ ಎಂಬುದು ಮಲಯಾಳದ ತೋಕ್ಕಿಗೆ ಸೋದರ. 1520ರ ರಾಯಚೂರಿನ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ತೊವಾಂವ್ ದ ಫಿಗೇರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಕೋಟೆಗೋಡೆಯ ಮೇಲಿನ ಕಾವಲುಗಾರರನ್ನು ಹೊಡೆದುರುಳಿಸಿದ ವಿವರವನ್ನು ನೂನಿಜನು ಕೊಟ್ಟಿದ್ದಾನೆ. ಅಲ್ಲಿಂದ ಮುಂದೆ ಸಾಂಗತ್ಯಗಳ ಯುದ್ಧವರ್ಣನೆಗಳಲ್ಲಿ ಬಿಲ್ಲುಬಾಣಗಳ ಜೊತೆಗೆ ಕೋವಿಯೂ ಸೇರಿಕೊಳ್ಳುತ್ತದೆ. ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಗಳು ಯೂರೋಪಿನ ಮಾದರಿಗೆ ಸರಿಗಟ್ಟುವ ಚಕಮಕಿ ಕೋವಿಗಳನ್ನು ತಯಾರಿಸುತ್ತಿದ್ದವು.

ಗಮನಿಸಬೇಕಾದ ಅಂಶವೆಂದರೆ, ಮಲೆನಾಡಿನ ಮತ್ತು ಕರಾವಳಿಯ ಆಡುನುಡಿಯು ಕೋವಿಗಳನ್ನು ವರ್ಗೀಕರಿಸಿದ್ದು ಅವುಗಳ ಯಂತ್ರರಚನೆಯನ್ನು ಹಿಡಿದು. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ, ಹಿಂದಿನ ಮೊಲೆಗೆ ತಾಮ್ರದ ಕೇಪು ಸಿಕ್ಕಿಸಿ ಹೊಡೆಯುವುದು ಕೇಪಿನ ಕೋವಿ. ನಳಿಗೆಯನ್ನು ಮಡಚಿ ಹಿಂದಿನಿಂದ ಸಿದ್ಧ ತೋಟೆಯನ್ನು ಹಾಕುವುದು ತೋಟೆಕೋವಿ. ನಳಿಗೆಗಳ ಸಂಖ್ಯೆಗನುಸಾರವಾಗಿ ಒಂಟಿನಳಿಗೆ, ಜೋಡಿನಳಿಗೆ. ಹೊಡೆತದ ಪ್ರಮಾಣಕ್ಕೆ ಈಡು ಎಂಬ ಸುಂದರ ಶಬ್ದ. ಒಂದು ಸಲ ತುಂಬಿದ್ದು, ಒಂದು ಸಲ ಹೊಡೆದದ್ದು, ಎರಡೂ ಈಡೇ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು (1936) ಓದಿದವರಿಗೆ ಶಿಕಾರಿ ಮತ್ತು ಕೋವಿಗಳ ಲೋಕ ಅಪರಿಚಿತವಲ್ಲ. ಕೋವಿಯ ಗಾತ್ರವನ್ನು ಹೇಳುವ ಹನ್ನೆರಡು ಬೋರು ಎಂಬ ಮಾತೂ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡು ಎಷ್ಟು ದಪ್ಪವಾಗುವುದೋ ಅಷ್ಟು ಅಗಲದ ನಳಿಗೆ ಎಂಬುದು ಇದರ ಅರ್ಥ. ಅಳತೆಯಲ್ಲಿ ಸುಮಾರು 18.5 ಮಿಲಿಮೀಟರು. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದಾಗುವ ಈ ವಿಚಿತ್ರ ಲೆಕ್ಕ ಬೋರಿನ ಕೋವಿಗಳಿಗೆಲ್ಲ ಸಮಾನ.

ತೋಟೆಕೋವಿಯ ಮುಂದಿನ ಹೆಜ್ಜೆಯೇ ಸ್ವಯಂಭರ್ತಿ ಕೋವಿ. ಒಮ್ಮೆ ಹೊಡೆದ ಮೇಲೆ ಖಾಲಿ ತೋಟೆಯನ್ನು ತಾನೇ ಹೊರಗೆಸೆದು, ಹೊಸ ತೋಟೆಯನ್ನು ತಾನೇ ಒಳಗೆಳೆದುಕೊಂಡು, ಮುಂದಿನ ಹೊಡೆತಕ್ಕೆ ಟ್ರಿಗರನ್ನು ಎಳೆಯುವುದನ್ನು ಮಾತ್ರ ಬಳಸುವವನಿಗೆ ಬಿಡುವಂಥದು. ಪ್ರತಿ ಹೊಡೆತಕ್ಕೂ ಬೇರೆಯಾಗಿ ಟ್ರಿಗರು ಎಳೆಯಬೇಕಾದುದರಿಂದ ಇದು ಅರೆಸ್ವಯಂಚಾಲಿತ. ಇದನ್ನು ಸಾಧಿಸಿದವನು ಅಮೆರಿಕದ ಯೂಟಾ ಪ್ರಾಂತದ ಆಗ್ಡನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್ (1855–1926). ಕೋವಿ ಕಮ್ಮಾರನ ಮಗ. 1898ರ ಹೊತ್ತಿಗೆ ರಚನೆಯನ್ನು ರೂಪಿಸಿ, 1900ರ ಅಕ್ಟೋಬರಿನಲ್ಲಿ ಅದರ ಮುಖ್ಯ ಪೇಟೆಂಟನ್ನು ಪಡೆದ. ಅದುವರೆಗೆ ಸುಮಾರು ಎರಡು ದಶಕಗಳ ಕಾಲ ಅವನ ರಚನೆಗಳನ್ನು ವಿಂಚೆಸ್ಟರ್ ಸಂಸ್ಥೆಯು ಇಡಿಯಾಗಿ ಹಣ ಕೊಟ್ಟು ಕೊಳ್ಳುತ್ತಿತ್ತು. ಈ ಬಾರಿ ಬ್ರೌನಿಂಗ್ ಇಡುಗಂಟಿಗೆ ಒಪ್ಪದೆ, ಮಾರಾಟವಾಗುವ ಪ್ರತಿ ಕೋವಿಯ ಮೇಲೂ ಗೌರವಧನ ಕೇಳಿದ. ವಿಂಚೆಸ್ಟರ್‌ನ ಮುಖ್ಯಸ್ಥ ಬೆನೆಟ್ ಒಪ್ಪಲಿಲ್ಲ, ಸಂಬಂಧ ಮುರಿಯಿತು. ಬ್ರೌನಿಂಗ್ ರೆಮಿಂಗ್‌ಟನ್ ಸಂಸ್ಥೆಗೆ ಹೋದ. 1902ರ ಜನವರಿ 8ರಂದು ಅದರ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್‌ಲಿಯ ಭೇಟಿಗಾಗಿ ಕಾದು ಕುಳಿತಿದ್ದಾಗಲೇ ಹಾರ್ಟ್‌ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಕೊನೆಗೆ ಕೋವಿಯನ್ನು ಹೊತ್ತು ಬೆಲ್ಜಿಯಮ್ಮಿನ ಲಿಯೇಜ್ ಬಳಿಯ ಎರ್‌ಸ್ಟಾಲ್‌ಗೆ ಹಡಗು ಹತ್ತಿದ. 1889ರಲ್ಲಿ ಸ್ಥಾಪನೆಯಾಗಿದ್ದ ಅಲ್ಲಿನ ಫಾಬ್ರಿಕ್ ನಾಸ್ಯೊನಾಲ್ ಕಾರ್ಖಾನೆ ಕರಾರಿಗೆ ಒಪ್ಪಿತು. ಹತ್ತು ಸಾವಿರ ಕೋವಿಗಳನ್ನು ತಾನೇ ಕೊಳ್ಳುವುದಾಗಿ ಬ್ರೌನಿಂಗ್ ಮೊದಲ ಬೇಡಿಕೆಯನ್ನಿತ್ತ. 1903ರಿಂದ ಕೋವಿಗಳು ಮಾರುಕಟ್ಟೆಗೆ ಬಂದವು. ಕೊಳವೆಯಲ್ಲಿ ನಾಲ್ಕು, ನಳಿಗೆಯಲ್ಲಿ ಒಂದು, ಹೀಗೆ ಐದು ತೋಟೆ ಹಿಡಿಯುವುದರಿಂದ ಆಟೊ-5 ಎಂಬ ಹೆಸರು ನಿಂತಿತು. 1905ರಿಂದ ರೆಮಿಂಗ್‌ಟನ್ ಸಂಸ್ಥೆಯು ಪರವಾನಗಿ ಪಡೆದು ಅಮೆರಿಕದಲ್ಲಿ ಇದನ್ನೇ ತಯಾರಿಸಿತು. ಮುಂದೆ ಇದು ಮಾಡೆಲ್ 11 ಎನಿಸಿತು. ಬೆಲ್ಜಿಯಮ್ಮಿನಲ್ಲಿಯೂ ಅನಂತರ ಜಪಾನಿನ ಮಿರೊಕು ಕಾರ್ಖಾನೆಯಲ್ಲಿಯೂ ನಡೆದ ತಯಾರಿಕೆ 1990ರ ದಶಕದ ಕೊನೆಗೆ ನಿಂತಿತು. ಸುಮಾರು ಒಂದು ಶತಮಾನ, ಇಪ್ಪತ್ತು ಲಕ್ಷಕ್ಕೂ ಮೀರಿದ ಕೋವಿಗಳು.

ರಚನೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮುಂದಿನ ವಾದಕ್ಕೆ ಇದೇ ಆಧಾರ. ಮದ್ದು ಸಿಡಿದಾಗ ಚರೆ ಮುಂದಕ್ಕೂ ಕೋವಿ ಹಿಂದಕ್ಕೂ ಚಲಿಸುವುದು ಪ್ರಕೃತಿನಿಯಮ. ಹೆಗಲಿಗೆ ತಾಗುವ ಈ ಒದೆತವನ್ನೇ ಬ್ರೌನಿಂಗ್ ದುಡಿಸಿಕೊಂಡ. ಅವನ ಕೋವಿಯಲ್ಲಿ ನಳಿಗೆಯು ಕಟ್ಟಿಗೆ ಬಿಗಿದು ನಿಂತಿಲ್ಲ. ಅದು ಹಿಂದೆಮುಂದೆ ಸರಿಯುತ್ತದೆ. ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿಯಲ್ಲಿ ಒಂದು ಬಂಧಕವಿದ್ದು, ಅದು ನಳಿಗೆಯ ಹಿಂದಿನ ಚಾಚಿನಲ್ಲಿ ಕೊರೆದ ಗೂಡಿಗೆ ಎದ್ದು ಕೂರುತ್ತದೆ. ಹೊಡೆದಾಗ ನಳಿಗೆ ಮತ್ತು ಅಗುಳಿ ಒಂದೇ ತುಂಡಿನಂತೆ ಬೆಸೆದುಕೊಂಡು, ತೋಟೆಯ ಉದ್ದಕ್ಕಿಂತಲೂ ಹೆಚ್ಚು ದೂರ ಹಿಂದಕ್ಕೆ ಓಡುತ್ತವೆ. ಆ ಹೊತ್ತಿಗೆ ಚರೆ ನಳಿಗೆಯನ್ನು ಬಿಟ್ಟು ಎಷ್ಟೋ ದೂರ ಹೋಗಿ, ಒಳಗಿನ ಒತ್ತಡ ಇಳಿದಿರುತ್ತದೆ. ಹಿಂದಿನ ತುದಿಯಲ್ಲಿ ಅಗುಳಿಯು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಬಂಧ ಬಿಚ್ಚಿದ ನಳಿಗೆಯು ತೋಟೆಗೊಳವೆಯ ಸುತ್ತ ಇರುವ ಸುರುಳಿಯ ಬಲದಿಂದ ಒಂಟಿಯಾಗಿ ಮುಂದಕ್ಕೆ ಮರಳುತ್ತದೆ. ಖಾಲಿ ತೋಟೆಯ ಅಂಚನ್ನು ಅಗುಳಿಯ ಉಗುರು ಹಿಡಿದಿರುವುದರಿಂದ, ತೋಟೆ ನಳಿಗೆಯಿಂದ ಹೊರಬಂತು ಎನ್ನುವುದಕ್ಕಿಂತ ನಳಿಗೆಯೇ ತೋಟೆಯನ್ನು ಬಿಟ್ಟು ಹೋಯಿತು ಎನ್ನುವುದೇ ಸರಿ. ಖಾಲಿ ತೋಟೆ ಪಕ್ಕಕ್ಕೆ ಚಿಮ್ಮುತ್ತದೆ, ಹೊಸ ತೋಟೆ ಎತ್ತುಗೆಯ ಮೇಲೆ ಏರುತ್ತದೆ, ಕೊಕ್ಕೆ ಬಿಟ್ಟುಕೊಳ್ಳುತ್ತದೆ, ಹಿಡಿಯ ಮರದೊಳಗೆ ಅಡಗಿರುವ ಇನ್ನೊಂದು ಸುರುಳಿಯು ಅಗುಳಿಯನ್ನು ಮುಂದಕ್ಕೆ ದೂಡಿ ಬಾಗಿಲು ಹಾಕುತ್ತದೆ. ತಂತ್ರಜ್ಞರು ಇದನ್ನು ದೀರ್ಘ ಹಿಂದೊದೆತದ ಪದ್ಧತಿ ಎನ್ನುತ್ತಾರೆ. ಅಗುಳಿಗೆ ಹಿಂದೆ ಸರಿಯಲು ಪೂರ್ತಿ ಜಾಗ ಬೇಕಾದುದರಿಂದ ಯಂತ್ರಕೋಶದ ಹಿಂಬದಿ ಚೌಕವಾಗಿ ಎದ್ದು ನಿಂತಿದೆ. ಈ ಕೋವಿಗೆ ಗೂನುಬೆನ್ನಿನದೆಂಬ ಅಡ್ಡಹೆಸರು ಬಂದುದು ಇದರಿಂದಲೇ.

ಇದರಲ್ಲಿ ನಿಜವಾದ ಜಾಣ್ಮೆ ಇರುವುದು ಒಂದು ಪುಟ್ಟ ಬಳೆಯಲ್ಲಿ. ಹಗುರ ತೋಟೆಯ ಒದೆತ ಕಡಿಮೆ; ಅದಕ್ಕೆ ತಕ್ಕಂತೆ ಸುರುಳಿಯನ್ನು ಸಡಿಲವಾಗಿಟ್ಟರೆ ಭಾರದ ತೋಟೆ ಹೊಡೆದಾಗ ನಳಿಗೆಯು ಹಿಂದಕ್ಕೆ ಅಪ್ಪಳಿಸಿ ಕೋವಿಯನ್ನೇ ಕೆಡಿಸುತ್ತದೆ. ಬ್ರೌನಿಂಗ್ ತೋಟೆಗೊಳವೆಯ ಮೇಲೆ ಘರ್ಷಣೆಯ ಕಂಚಿನ ತುಂಡನ್ನೂ ಇಳಿಜಾರು ಅಂಚಿನ ಉಕ್ಕಿನ ಬಳೆಯನ್ನೂ ಇಟ್ಟ. ಭಾರದ ತೋಟೆಗೆ ಬಳೆಯನ್ನು ಸುರುಳಿಯ ಮುಂದೆ, ಕಂಚಿನ ತುಂಡಿಗೆ ಒತ್ತಿಕೊಳ್ಳುವಂತೆ ಹಾಕಬೇಕು. ಆಗ ಕಂಚು ಕೊಳವೆಯನ್ನು ಬಿಗಿಯಾಗಿ ಹಿಡಿದು ವೇಗವನ್ನು ತಗ್ಗಿಸುತ್ತದೆ. ಹಗುರ ತೋಟೆಗೆ ಅದೇ ಬಳೆಯನ್ನು ತೆಗೆದು ಸುರುಳಿಯ ಹಿಂದೆ ಇಡಬೇಕು. ಎತ್ತಿನ ಗಾಡಿ ಇಳಿಜಾರಿನಲ್ಲಿ ಓಡದಂತೆ ಗಾಲಿಗೆ ಕಟ್ಟೆ ಕೊಡುವುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಆದರೆ ಬಳೆಯನ್ನು ತಪ್ಪಾಗಿಟ್ಟರೆ ಕೋವಿ ಒಂದೋ ಹೆಗಲನ್ನು ಜಜ್ಜುತ್ತದೆ, ಇಲ್ಲವೇ ತೋಟೆ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಯಾವ ತೋಟೆಗೆ ಯಾವ ಬಳೆ ಎಂಬ ತಿಳಿವಳಿಕೆಯಿಲ್ಲದವನ ಕೈಗೆ ಇದು ಒಗ್ಗುವಂಥದಲ್ಲ.

ಪೇಟೆಂಟಿನ ಬಿಗಿ ಎಷ್ಟಿತ್ತೆಂಬುದಕ್ಕೆ ವಿಂಚೆಸ್ಟರ್‌ನ ಅನುಭವ ಸಾಕ್ಷಿ. ಬ್ರೌನಿಂಗ್‌ನ ಪೇಟೆಂಟುಗಳ ಕರಡನ್ನು ಸಿದ್ಧಪಡಿಸುವುದರಲ್ಲಿ ನೆರವಾಗಿದ್ದ ಟಿ. ಸಿ. ಜಾನ್ಸನ್‌ನೇ ಅವನ್ನು ತಪ್ಪಿಸಿ ಹೊಸ ಕೋವಿಯನ್ನು ರಚಿಸಬೇಕಾಯಿತು. ಅಗುಳಿಗೆ ಹಿಡಿ ಇಡುವಂತಿಲ್ಲದ ಕಾರಣ 1911ರ ಆ ಮಾದರಿಯಲ್ಲಿ ನಳಿಗೆಯನ್ನೇ ಕೈಯಿಂದ ಹಿಂದಕ್ಕೆ ತಳ್ಳಿ ಸಜ್ಜುಗೊಳಿಸಬೇಕಿತ್ತು. ತೋಟೆ ಸಿಕ್ಕಿಕೊಂಡಾಗ ಕೋವಿಯ ಹಿಡಿಯನ್ನು ನೆಲಕ್ಕೂರಿ ನಳಿಗೆಯನ್ನು ಒತ್ತಿದವರು ಅನಾಹುತಕ್ಕೆ ಈಡಾದರು. ವಿಧವೆಯರನ್ನು ಮಾಡುವ ಕೋವಿ ಎಂಬ ಕುಖ್ಯಾತಿ ಅದಕ್ಕೆ ಅಂಟಿಕೊಂಡಿತು.

ಅಮೆರಿಕದಲ್ಲಿಯೇ ಈ ಕೋವಿಗೆ ವಿರೋಧ ಹುಟ್ಟಿತೆಂಬುದು ನಮ್ಮ ಚರ್ಚೆಗೆ ಮುಖ್ಯ. ಪ್ರಾಣಿಶಾಸ್ತ್ರಜ್ಞ ವಿಲಿಯಂ ಹಾರ್ನಡೇ ಸ್ವಯಂಭರ್ತಿ ಕೋವಿಗಳನ್ನು ಹಕ್ಕಿಸಂತತಿಯ ಶತ್ರುಗಳೆಂದು ಖಂಡಿಸಿದ. ಪೆನ್ಸಿಲ್ವೇನಿಯ ರಾಜ್ಯವು 1907ರಲ್ಲಿಯೇ ಬೇಟೆಗೆ ಇವುಗಳ ಬಳಕೆಯನ್ನು ನಿಷೇಧಿಸಿತು. 1935ರಲ್ಲಿ ವಲಸೆ ಹಕ್ಕಿಗಳ ಬೇಟೆಗೆ ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯದಂತೆ ಕೊಳವೆಯಲ್ಲಿ ಅಡ್ಡಮರ ಹಾಕಬೇಕೆಂಬ ಒಕ್ಕೂಟದ ನಿಯಮ ಬಂತು. ಕೋವಿಯನ್ನು ಅದರ ಒಡೆಯನಿಂದಲ್ಲ, ಒಳಗಿನ ಯಂತ್ರದಿಂದ ಅಳೆಯುವ ಕಾನೂನಿನ ದೃಷ್ಟಿ ಹೀಗೆ ರೂಪುಗೊಂಡಿತು.

ಈಗ ಕೊಡಗಿಗೆ ಬರಬಹುದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತಮ್ಮದಾಗಿಸಿಕೊಂಡ ಆಂಗ್ಲರು, 1857ರ ದಂಗೆಯ ಅನಂತರ ದೇಶದಲ್ಲೆಲ್ಲ ಆಯುಧಗಳನ್ನು ಕಸಿದುಕೊಳ್ಳುವ ಕಾನೂನುಗಳನ್ನು ತಂದರು. ಮೈಸೂರು ಮತ್ತು ಕೊಡಗಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಕೊಡವರಿಗೆ ಇದರಿಂದ ವಿನಾಯಿತಿ ಘೋಷಿಸಿದ. ಅದೇ ಏಪ್ರಿಲ್‌ನಲ್ಲಿ ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ಆತ ತೀರಿಕೊಂಡ. ಅವನ ದೀರ್ಘ ಆಡಳಿತದ ಕೊನೆಯ ಕೆಲಸಗಳಲ್ಲಿ ಇದೂ ಒಂದು. 1878ರ ಭಾರತೀಯ ಆಯುಧ ಕಾಯಿದೆಯ ಕಾಲದಲ್ಲಿಯೂ, ಸ್ವಾತಂತ್ರ್ಯಾನಂತರ 1959ರ ಕಾಯಿದೆಯ 41ನೆಯ ಪ್ರಕರಣದಡಿಯಲ್ಲಿಯೂ ವಿನಾಯಿತಿ ಮುಂದುವರಿದು, ಕೊಡವ ಜನಾಂಗದವರಿಗೂ ಸೇವೆಯ ಪ್ರತಿಫಲವಾಗಿ ಪಡೆದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅನ್ವಯವಾಗಿದೆ. ಜಮ್ಮಾ ಹಿಡುವಳಿಯು ಕೊಡವರಲ್ಲದ ಸಮುದಾಯಗಳಲ್ಲಿಯೂ ಇರುವುದರಿಂದ ಇದನ್ನು ಒಂದೇ ಜನಾಂಗದ ಸವಲತ್ತೆಂದು ಬರೆಯುವುದು ಅರ್ಧಸತ್ಯ.

1861ರಲ್ಲಿ ಕೊಡಗಿನ ಐನ್‌ಮನೆಗಳಲ್ಲಿದ್ದುದು ಬಾಯಿಂದ ತುಂಬುವ ಕೋವಿಗಳು. ಇಂಗ್ಲೆಂಡಿನಲ್ಲಿಯೇ ನಡುವೆ ಕೇಪುಳ್ಳ ತೋಟೆ ಮಾರುಕಟ್ಟೆಗೆ ಬರುತ್ತಿದ್ದ ಕಾಲವದು. ಒಂದು ಈಡಿಗೂ ಇನ್ನೊಂದು ಈಡಿಗೂ ನಡುವೆ ಮದ್ದು ಸುರಿದು, ಗಜದಿಂದ ಜಡಿದು, ಕೇಪು ಸಿಕ್ಕಿಸುವಷ್ಟು ವಿರಾಮ. ಆಚರಣೆಗಳ ಲಯವೂ ಈ ವಿರಾಮದ ಮೇಲೆಯೇ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಗಂಡು ಮಗು ಹುಟ್ಟಿದಾಗ ಒಂದು ಈಡು. ಸಾವಿನ ಸುದ್ದಿಗೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಒಡಿಕತ್ತಿ, ಪೀಚೆಕತ್ತಿಗಳ ಜೊತೆ ಕೋವಿಯನ್ನೂ ನೆಲ್ಲಕ್ಕಿಯ ದೀಪದಡಿಯಲ್ಲಿಟ್ಟು ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಕೋವಿಯ ಹೆಸರನ್ನೇ ಪಡೆದ ಆ ಹೂವು ಬೇರೆಡೆ ಗೌರಿಹೂ ಎನಿಸಿಕೊಳ್ಳುವ, ಬೆಂಕಿಯ ನಾಲಗೆಯಂಥ ಎಸಳುಗಳ ಹೂ. ಅನಂತರ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿ. ಇಲ್ಲೆಲ್ಲ ಈಡನ್ನು ಎಣಿಸಲಾಗುತ್ತದೆ. ಎಣಿಕೆಯೇ ಸುದ್ದಿಯ ಅರ್ಥ. ಬೆಟ್ಟದಾಚೆಯ ಮನೆಯವರು ಸದ್ದು ಕೇಳಿ, ಎಷ್ಟು ಸಲ ಎಂದು ಲೆಕ್ಕ ಹಾಕಿ, ಹುಟ್ಟೋ ಸಾವೋ ತಿಳಿಯುತ್ತಾರೆ. ಈ ಸಂಜ್ಞಾಭಾಷೆಗೆ ಒಂಟಿನಳಿಗೆ ಸಾಕು, ಜೋಡಿನಳಿಗೆ ಧಾರಾಳ. ಐದು ಹೊಡೆತಗಳ ಯಂತ್ರ ಇದರ ವ್ಯಾಕರಣದಲ್ಲಿ ಅನಾವಶ್ಯಕ.

ಇದರ ಜೊತೆಗೆ ಲೌಕಿಕ ಕಾರಣವೂ ಉಂಟು. ಕೇಪಿನ ಕೋವಿಯ ಮೊಲೆ ಸವೆದರೆ ಊರ ಕಮ್ಮಾರ ಹೊಸದನ್ನು ಮಾಡಬಲ್ಲ; ಜೋಡಿನಳಿಗೆಯ ಕೀಲು ಸಡಿಲವಾದರೆ ಪೇಟೆಯ ಕೋವಿಗಾರ ಸರಿಪಡಿಸಬಲ್ಲ. ಬ್ರೌನಿಂಗ್‌ನ ಬಂಧಕವೂ ಅದರ ಗೂಡೂ ಕೂದಲೆಳೆಯ ಅಳತೆಗೆ ಕೂಡಿಕೊಳ್ಳಬೇಕು. ಅದಕ್ಕೆ ಬೇಕಾದುದು ಕುಲುಮೆಯಲ್ಲ, ಯಂತ್ರೋಪಕರಣಗಳ ಕಾರ್ಖಾನೆ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ನಮ್ಮ ಸಂಶೋಧಕರಿಗೆ ಈ ವ್ಯತ್ಯಾಸವನ್ನು ತೋರಿಸಲು ದೂರ ಹೋಗಬೇಕಿಲ್ಲ. ಕಲ್ಯಾಣದ ಪಕ್ಕದ ಅಂಬರನಾಥಕ್ಕೆ ನಾವೆಲ್ಲ ಹೋಗುವುದು ಶಿಲಾಹಾರರ ಕಾಲದ, 1060ರ ಶಾಸನವುಳ್ಳ ಶಿವಾಲಯವನ್ನು ನೋಡಲು. ಅದೇ ಊರಿನಲ್ಲಿ 1950ರ ದಶಕದಲ್ಲಿ ಕೇಂದ್ರ ಸರ್ಕಾರವು ಸೈನ್ಯಸಾಮಗ್ರಿಯ ಕಾರ್ಖಾನೆಯನ್ನೂ ಯಂತ್ರೋಪಕರಣಗಳ ಮೂಲಮಾದರಿ ತಯಾರಿಸುವ ಕಾರ್ಖಾನೆಯನ್ನೂ ಸ್ಥಾಪಿಸಿತು. 2021ರಲ್ಲಿ ಇವು ಹೊಸ ಸರ್ಕಾರಿ ಕಂಪನಿಗಳ ಪಾಲಾದವು. ಆಯುಧದ ತಯಾರಿಕೆಯು ಊರಿನ ಕುಲುಮೆಯನ್ನು ಬಿಟ್ಟು ಎಂಥ ಗೋಡೆಗಳೊಳಗೆ ಸೇರಿತೆಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಠಾಣೆಯ ಕೋಟೆಯೂ ಹೀಗೆಯೇ ಓದಬೇಕಾದ ದಾಖಲೆ. 1730ರಲ್ಲಿ ಪೋರ್ಚುಗೀಸರು ಕಟ್ಟಲಾರಂಭಿಸಿ, 1737ರಲ್ಲಿ ಮರಾಠರು ಗೆದ್ದು, 1774ರಲ್ಲಿ ಆಂಗ್ಲರು ಹಿಡಿದ ಆ ಕೋಟೆ ಮುಂದೆ ಸೆರೆಮನೆಯಾಯಿತು. ಬತ್ತಿಕೋವಿಯಿಂದ ಚಕಮಕಿ ಕೋವಿಯವರೆಗಿನ ಪಲ್ಲಟ ಈ ಕಡಲತೀರದಲ್ಲಿ ನಡೆದುದು ಇಂಥ ಗೋಡೆಗಳ ಮೇಲೆಯೇ.

ಭಾರತದ ಕಾನೂನೂ ಯಂತ್ರರಚನೆಯ ದಾರಿಯನ್ನೇ ಹಿಡಿಯಿತು. 1962ರ ಆಯುಧ ನಿಯಮಗಳ ಅನುಸೂಚಿಯು ಹಿಂದಿನಿಂದ ತುಂಬುವ ಸಾಮಾನ್ಯ ಚರೆಕೋವಿಯನ್ನು ಮೂರನೆಯ ವರ್ಗದಲ್ಲಿಟ್ಟು, ಪಿಸ್ತೂಲು ಮೊದಲಾದ ಕೆಲವನ್ನು ಬಿಟ್ಟು ಉಳಿದ ಅರೆಸ್ವಯಂಚಾಲಿತ ಕೋವಿಗಳನ್ನು, ಇಪ್ಪತ್ತು ಅಂಗುಲಕ್ಕಿಂತ ಗಿಡ್ಡ ನಳಿಗೆಯ ಕೋವಿಗಳೊಂದಿಗೆ, ಮೊದಲನೆಯ ವರ್ಗದ ಒಂದು ಉಪವಿಭಾಗಕ್ಕೆ ಸೇರಿಸಿತು. ಬೋರು ಒಂದೇ, ತೋಟೆ ಒಂದೇ, ಚರೆ ಹಾರುವ ದೂರವೂ ಒಂದೇ. ಬೇರೆಯಾದದ್ದು ಒದೆತವನ್ನು ದುಡಿಸಿಕೊಳ್ಳುವ ಆ ಬಂಧಕ ಮತ್ತು ಸುರುಳಿ ಮಾತ್ರ. ಡೊಂಬಿವಲಿಯ ಕನ್ನಡಿಗನೊಬ್ಬ ಪರವಾನಗಿಗಾಗಿ ಠಾಣೆಯ ಪೊಲೀಸ್ ಆಯುಕ್ತರಿಗೆ ಅರ್ಜಿ ಹಾಕಿದರೂ, ನವಿ ಮುಂಬಯಿಯವನು ತನ್ನ ಆಯುಕ್ತರಿಗೆ ಹಾಕಿದರೂ ಎದುರಾಗುವುದು ಇದೇ ವಿಂಗಡಣೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ಬಾಗಿಲನ್ನು ಮುಚ್ಚಿದ ಮೇಲಂತೂ ವೇಗವಾಗಿ ಹೊಡೆಯುವ ಕೋವಿಗೆ ಮನೆಯಲ್ಲಿ ಕೆಲಸವೇ ಉಳಿಯಲಿಲ್ಲ. ಹೀಗೆ ಆಚರಣೆ, ಕಮ್ಮಾರಿಕೆ, ಕಾನೂನು ಮೂರೂ ಕೂಡಿ ಸ್ವಯಂಭರ್ತಿ ಕೋವಿಯನ್ನು ಹೊಸ್ತಿಲಾಚೆ ನಿಲ್ಲಿಸಿದವು. ಮನೆಯೊಳಗೆ ಬಾರದ ವಸ್ತುವಿಗೆ ಆಡುನುಡಿ ಹೆಸರು ಕಟ್ಟುವುದಿಲ್ಲ. ಕೇಪಿನ ಕೋವಿ, ತೋಟೆಕೋವಿ ಎಂದು ಸರಾಗವಾಗಿ ಸಾಗಿಬಂದ ಶಬ್ದಸರಣಿ ಅಲ್ಲಿಗೆ ನಿಂತಿತು. ಆಟೊಮ್ಯಾಟಿಕ್ ಎಂಬ ಆಂಗ್ಲ ಪದ ಹಾಗೆಯೇ ಉಳಿಯಿತು. ಈ ಲೇಖನದಲ್ಲಿ ಬಳಸಿದ ಸ್ವಯಂಭರ್ತಿ ಎಂಬುದು ಕೂಡ ಕಟ್ಟಿದ ಪದವೇ ಹೊರತು ಕೇಳಿದ ಪದವಲ್ಲ.

ವಿನಾಯಿತಿಯ ವಿವಾದದಲ್ಲಿ ಈ ಭೇದವನ್ನು ಎರಡೂ ಪಕ್ಷದವರು ಮರೆಯುತ್ತಾರೆ. ವಿನಾಯಿತಿಯನ್ನು ವಿರೋಧಿಸುವವರು ಪರವಾನಗಿಯಿಲ್ಲದ ಕೋವಿ ಎಂದೊಡನೆ ಆಧುನಿಕ ಆಯುಧಗಳ ಚಿತ್ರವನ್ನು ಮುಂದಿಡುತ್ತಾರೆ; ಬೆಂಬಲಿಸುವವರು ಅನಾದಿಕಾಲದ ಪರಂಪರೆ ಎನ್ನುತ್ತಾರೆ. ಕೋವಿ ಅನಾದಿಯಲ್ಲ, ಅದಕ್ಕೆ ಕೆಲವು ಶತಮಾನಗಳ ಚರಿತ್ರೆಯಿದೆ. ಅದು ಒಂದೇ ವಸ್ತುವೂ ಅಲ್ಲ. ಕೇಂದ್ರ ಗೃಹಮಂತ್ರಾಲಯವು 2019ರ ಅಕ್ಟೋಬರ್ 29ರ ಅಧಿಸೂಚನೆಯ ಮೂಲಕ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದರ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕುತ್ತ, ವಿನಾಯಿತಿಯು ಅವಧಿಗೂ ಷರತ್ತುಗಳಿಗೂ ಒಳಪಟ್ಟದ್ದೆಂಬುದನ್ನು ಎತ್ತಿಹೇಳಿತು. 2029ರಲ್ಲಿ ಪ್ರಶ್ನೆ ಮತ್ತೆ ಏಳುವುದು ಸಹಜ. ಆ ಹೊತ್ತಿಗೆ ನಮ್ಮ ಕೈಯಲ್ಲಿ ಇರಬೇಕಾದುದು ಐನ್‌ಮನೆಗಳ ಕೋವಿಗಳ ವಿವರಣಾತ್ಮಕ ಪಟ್ಟಿ: ನಳಿಗೆ ಎಷ್ಟು, ತುಂಬುವುದು ಎಲ್ಲಿಂದ, ತಯಾರಕರ ಮುದ್ರೆ ಯಾವುದು, ಮನೆಯವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಹಾಡು, ಗಾದೆ, ಆಚಾರಗಳನ್ನು ಕಲೆಹಾಕಿದ ಬಗೆಯಲ್ಲಿಯೇ ಈ ಕೆಲಸವೂ ಮನೆಯಿಂದ ಮನೆಗೆ ಹೋಗಿ ಆಗಬೇಕು. ಮುಂಬಯಿ, ಠಾಣೆಗಳಲ್ಲಿ ನೆಲೆಸಿದ ಕೊಡಗಿನ ಕುಟುಂಬಗಳ ಹಿರಿಯರಿಂದ ಈ ಹೆಸರುಗಳನ್ನು ಬರೆದುಕೊಳ್ಳುವ ಕೆಲಸವನ್ನು ಹೊರನಾಡಿನ ಸಂಶೋಧಕರು ಇಂದೇ ಆರಂಭಿಸಬಹುದು.